ಸೊಕ್ಕಿಳಿದು ಬರಬೇಕಾಗಿದ್ದ ವರ

ಕಾದಂಬರಿ ಓದಿದರೆ ಹೆಂಗಸರು ಕೆಡುತ್ತಾರೆ ಎಂದು ಹಿರಿಯರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಓದಿ ಕೆಟ್ಟವನು ಬಿ.ಎ. ಪಾಸಾದ ನಾನು. ಅನುಭವಿಸಿದವಳು ಇಂಗ್ಲಿಷಿನ ಒಂದಕ್ಷರವೂ ಬಾರದ ನನ್ನ ತಂಗಿ ಗೌರಿ. ಪರೀಕ್ಷೆಗೆಂದು ಓದಿದ ಒಂದು ಇಂಗ್ಲಿಷ್ ಕಾದಂಬರಿಯಲ್ಲಿ ಒಬ್ಬ ದೊಡ್ಡ ಜಮೀನುದಾರನಿದ್ದಾನೆ. ತನಗಿಂತ ಕೆಳಗಿನವರ ಮನೆಯ ಹುಡುಗಿಯನ್ನು ಕೇಳಲು ಬಂದು, ಆ ಮನೆಯನ್ನೇ ಹೀಗಳೆಯುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ನೂರಾರು ಪುಟ ಕಳೆದ ಮೇಲೆ ಸೊಕ್ಕಿಳಿದು ಬಂದು ಅವಳ ಕೈ ಹಿಡಿಯುತ್ತಾನೆ. ಉಳಿದವರು ಇದನ್ನು ಪಠ್ಯವೆಂದು ಓದಿದರು; ನಾನು ಪಂಚಾಂಗವೆಂದು ಓದಿದೆ.

ಹೊಸದುರ್ಗದ ಹತ್ತಿ ವ್ಯಾಪಾರಿಯ ಮಗ ಹೊಳಲ್ಕೆರೆಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದ. ಗಿಡ್ಡ ಬಾಗಿಲಿಗೆ ತಲೆ ಬಡಿದು ಅವನ ಜರಿ ರುಮಾಲು ಉರುಳಿತು. "ಇದೇನ್ರಿ, ಮನೆಯೋ ಕುರಿದೊಡ್ಡಿಯೋ? ನಮ್ಮಪ್ಪ ಇದ್ರಾಗೆ ಹೆಂಗ್ ಬಗ್ತಾನೆ?" ಎಂದ. ಅವ್ವನ ಮುಖ ಸಣ್ಣದಾಯಿತು. ನನಗೆ ಮಾತ್ರ ಮೈ ಜುಮ್ಮೆಂದಿತು: ಕಾದಂಬರಿಯ ಗಂಡು ಇವನೇ! ಮರುದಿನವೇ ಅವರಿಂದ ಒಪ್ಪಿಗೆ ಬಂತು. ಅಪ್ಪ ತೀರಿಕೊಂಡ ಮೇಲೆ ನಾನೇ ಯಜಮಾನ. ಒಲ್ಲೆವು ಎಂದು ಹೇಳಿ ಕಳಿಸಿದೆ.

"ಬುದ್ಧಿ ಐತೇನಪ್ಪ ನಿಂಗೆ? ತಲೆ ಬಡಿಸ್ಕಂಡೋನು ಅವನು, ಸಿಟ್ಟು ನಿಂದಾ?" ಎಂದಳು ಅವ್ವ.

"ತಡಿಯವ್ವ, ಮತ್ತೆ ಬರ್ತಾನೆ."

"ಯಾರು ಹೇಳಿದ್ರು?"

ಪುಸ್ತಕ ಹೇಳಿತು ಎನ್ನುವ ಧೈರ್ಯ ಬರಲಿಲ್ಲ.

ತಿಂಗಳೊಳಗೆ ಅವನು ಹಿರಿಯೂರಿನ ಹುಡುಗಿಯನ್ನು ಮದುವೆಯಾದ. ಅಲ್ಲಿನ ಬಾಗಿಲು ಎತ್ತರವಿದ್ದಿರಬೇಕು. ಆಮೇಲೆ ಬಂದವರೆಲ್ಲ "ಹೊಸದುರ್ಗದೋರು ಯಾಕ್ರಿ ಬಿಟ್ರು?" ಎಂದು ಕೇಳಿ, ಎಲೆಅಡಿಕೆ ಹಾಕಿಕೊಂಡು ಎದ್ದುಹೋದರು. ಬಿಟ್ಟವರು ನಾವೇ ಎಂದರೆ ನಂಬುವವರು ಯಾರು? ಐದು ವರ್ಷವಾಯಿತು. ಈಗ ಎಲೆಅಡಿಕೆಗೂ ಯಾರೂ ಬರುವುದಿಲ್ಲ.

ನೆನಪನ್ನು ನಂಬದೆ ದಿನಚರಿ ಬರೆಯುವವನು ನಾನು. ಒಲ್ಲೆವೆಂದು ಹೇಳಿ ಕಳಿಸಿದ ದಿನದ ಪುಟದಲ್ಲಿ "ಗೌರಿ ಧೈರ್ಯವಾಗಿ ಒಲ್ಲೆ ಎಂದಳು" ಎಂದು ನನ್ನದೇ ಅಕ್ಷರದಲ್ಲಿದೆ. ನನಗೆ ಉಳಿದಿದ್ದ ಸಮಾಧಾನ ಅದೊಂದೇ. ಮೊನ್ನೆ ರಾಗಿ ಕೇರುತ್ತ ಕುಳಿತಿದ್ದ ಅವಳ ಮುಂದೆ ಅದನ್ನು ಓದಿ, "ನಿನ್ನ ಮನಸ್ಸಿನಂಗೇ ಆತಲ್ಲ" ಎಂದೆ.

ಮೊರ ನಿಂತಿತು. "ನಾನ್ಯಾವಾಗ ಅಂದೆ ಅಣ್ಣಾ? ನನ್ನ ಕೇಳ್ದೋರು ಯಾರು?" ಎಂದಳು. ಮತ್ತೆ, ರಾಗಿಯಲ್ಲೊಂದು ಕಲ್ಲು ಹುಡುಕುತ್ತ, "ಕುರಿದೊಡ್ಡಿ ಅಂದು ಅವನು ನಕ್ಕ. ತಲೆ ಉಜ್ಕಂಡು ನಕ್ಕ. ನಂಗೂ ನಗು ಬಂತು. ಅದು ಬರ್ದಿಲ್ವಾ?"

ಬರೆದಿಲ್ಲ. ಎಷ್ಟು ತಿಣುಕಿದರೂ ಆ ನಗು ನನ್ನ ನೆನಪಿಗೆ ಬರುತ್ತಿಲ್ಲ. ಪುಸ್ತಕದವನು ನಗುವವನಾಗಿರಲಿಲ್ಲ, ಹೊಸದುರ್ಗದವನನ್ನು ನಾನು ನೋಡಿಯೇ ಇರಲಿಲ್ಲವೇನೋ.