ಹುಲಿಗಾಳಿಯ ದಪ್ಪ ಅಕ್ಷರ

"ಹುಲಿಗಾಳಿ ಅನ್ನೂ ಹೆಸರು ಎಲ್ಲೆಲ್ಲಿ ಬರ್ತೈತಿ, ಅಲ್ಲೆಲ್ಲಾ ದೊಡ್ಡಕ್ಷರದಾಗ ಇರಬೇಕು. ಇಂಗ್ಲಿಷಿನಾಗ ಹಂಗ ಮಾಡ್ತಾರಂತ" ಎಂದು ಮಾಲಕ ಶಿವಲಿಂಗಪ್ಪ ಬೆಳಿಗ್ಗೆ ಹೇಳಿದಾಗಲೇ ಸುಭಾಸನ ಗ್ರಹಚಾರ ಕೆಟ್ಟಿತು.

ಹುಲಿಗಾಳಿ ಎಂದರೆ ಹಳಿಯಾಳದ ಆ ಪುಟ್ಟ ಕಾರ್ಖಾನೆಯ ಭತ್ತ ತೂರುವ ಯಂತ್ರ. ಅದನ್ನು ಬಳಸುವ ವಿಧಾನದ ಹಾಳೆ ಬರೆದವನು ಸುಭಾಸ, ಮೂರು ವರ್ಷದಿಂದ ಹಂಗಾಮಿ ಗುಮಾಸ್ತ. ನಾಳೆ ಕೃಷಿಮೇಳ. ಸಂಜೆಯೊಳಗೆ ಹಾಳೆ ಅಚ್ಚಾದರೆ ಅವನನ್ನು ಕಾಯಂ ಮಾಡುವುದಾಗಿ ಮಾಲಕರು ಮಾತು ಕೊಟ್ಟಿದ್ದರು. ಆದರೆ ಇಂಗ್ಲಿಷಿನ ಕ್ಯಾಪಿಟಲ್‌ನಂಥ ದೊಡ್ಡಕ್ಷರವನ್ನು ಕನ್ನಡದಲ್ಲಿ ಎಲ್ಲಿಂದ ತರುವುದು? ಸುಭಾಸ ಯಂತ್ರದ ಹೆಸರನ್ನೇ ಎರಡು ಪಟ್ಟು ದಪ್ಪಗೆ ಹೊಡೆಸಿದ.

ಕರಡು ಹಾಳೆ ಕಾರ್ಖಾನೆಗೆ ಬಂತು. ನಮ್ಮ ಜನ ಅಚ್ಚಾದದ್ದು ಏನೇ ಕಂಡರೂ ಲಗ್ನಪತ್ರಿಕೆಯ ಹಾಗೆಯೇ ಓದುತ್ತಾರೆ. ಯಾರ ಹೆಸರು ಎಷ್ಟು ದಪ್ಪ ಎಂಬುದರ ಮೇಲೆ ಬೀಗರು ಮಾತು ಬಿಟ್ಟದ್ದೂ ಉಂಟು.

ಯಂತ್ರದ ರೆಕ್ಕೆ ಬೆಸೆಯುವ ವೆಲ್ಡರ್ ಲಗಮಪ್ಪ ಕನ್ನಡಕ ಏರಿಸಿದ. "ಏನಪಾ, ಹುಲಿಗಾಳಿ ಇಷ್ಟು ದೊಡ್ಡದು, ನನ್ನ ರೆಕ್ಕಿ ಇರುವಿಯಷ್ಟ? ರೆಕ್ಕಿ ಇಲ್ದ ಗಾಳಿ ನಿಮ್ಮಪ್ಪ ಬೀಸ್ತಾನೇನು?"

"ಕಾಕಾ, ಅದು ಮಾಲಿನ ಹೆಸರು..."

"ರೆಕ್ಕಿ ಏನು ಮಾಲಲ್ಲೇನು?"

ರೆಕ್ಕೆ ದಪ್ಪಗಾಯಿತು. ಜರಡಿ ಹೆಣೆಯುವ ಗುರುಬಸವ್ವ ಬಿಟ್ಟಾಳೆಯೇ? "ದಿನಾ ನನ್ನ ಡಬ್ಬಿ ರೊಟ್ಟಿ ತಿಂತೀ ತಮ್ಮಾ, ನನ್ನ ಜರಡಿ ನೆನಪಾಗ್ಲಿಲ್ಲ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಜರಡಿಯೂ ದಪ್ಪಗಾಯಿತು. ಆಮೇಲೆ ಬೆಲ್ಟು, ಬೋಲ್ಟು, ಗ್ರೀಸು. ಮಧ್ಯಾಹ್ನದೊಳಗೆ ಸುಭಾಸ ಛಾಪಖಾನೆಗೆ ಏಳು ಸಲ ಸೈಕಲ್ ತುಳಿದ.

ಛಾಪಖಾನೆಯ ಜ್ಯೋತಿಬಾನದು ಬೇರೆ ತಕರಾರು. "ತಳದಾಗ ಖಾಲಿ ಐತಲ್ಲೋ! ಕೆಳಗ ಯಾರ ಹೆಸರೂ ಇಲ್ದ ನಾ ಒಂದ ಪತ್ರಿಕಿನೂ ಹೊಡದಿಲ್ಲ. ನಿಂದ ಹಾಕ್ತೇನಿ."

ದಿನವಿಡೀ ಕಂಡವರನ್ನೆಲ್ಲ ದೊಡ್ಡವರನ್ನಾಗಿ ಮಾಡಿದ ಸುಭಾಸನಿಗೂ ಪಾಪ, ಆಸೆಯಾಯಿತು. "ಸಣ್ಣಗ ಹಾಕ್ರಿ" ಎಂದು ನಾಚುತ್ತ, ಹೆಸರಿನ ಮುಂದೆ ಹುದ್ದೆಯನ್ನೂ ಬರೆದುಕೊಟ್ಟ.

ಸಂಜೆ ಮಾಲಕರ ಮೇಜಿನ ಮೇಲೆ ಐದು ಸಾವಿರ ಪ್ರತಿ ಬಂದು ಕೂತವು. ಎಲ್ಲವೂ ದಪ್ಪವಾದ ಆ ಹಾಳೆಯಲ್ಲಿ ಹುಲಿಗಾಳಿ ಎಲ್ಲಡಗಿತ್ತೋ ದೇವರೇ ಬಲ್ಲ. ಕಣ್ಣಿಗೆ ಬೀಳುತ್ತಿದ್ದದ್ದು ತಳದ ಒಂದೇ ಸಣ್ಣ ಸಾಲು: 'ಬರೆದವರು ಸುಭಾಸ, ಹಂಗಾಮಿ ಗುಮಾಸ್ತ.'

"ಭೇಷ್! ಕೆಲಸದ ಮಂದಿ ಎಲ್ಲಾ ಖುಷಿ ಆಗ್ಯಾರ" ಎಂದರು ಮಾಲಕರು.

"ಹಂಗಾರ ನನ್ನ ಕಾಯಂ...?"

"ಹೆಂಗ ಮಾಡ್ಲೋ? ಹಂಗಾಮಿ ಅಂತ ನೀನ ಹೊಡಿಸೀದಿ. ಈಗ ಕಾಯಂ ಮಾಡಿದ್ರ ಐದು ಸಾವಿರ ಹಾಳಿ ಸುಳ್ಳಾಗ್ತಾವ. ಹಾಳ್ಯಾಗ ಸುಳ್ಳು ಇದ್ರ ಯಂತ್ರ ಯಾರು ನಂಬ್ತಾರ? ಇವು ಮುಗೀಲಿ, ಆಮ್ಯಾಲೆ ನೋಡೂಣು."

ಮರುದಿನ ಮೇಳದಲ್ಲಿ ಸುಭಾಸ ಒಬ್ಬೊಬ್ಬ ರೈತನ ಕೈಗೂ ಹತ್ತತ್ತು ಹಾಳೆ ತುರುಕುತ್ತಿದ್ದ. "ಒಯ್ರಿ, ಬೀಗರಿಗೂ ಕೊಡ್ರಿ!" ಮಧ್ಯಾಹ್ನಕ್ಕೆ ಕಟ್ಟು ಖಾಲಿಯಾಗಿ ಅವನ ಮುಖ ಅರಳಿತು.

ಅಷ್ಟರಲ್ಲಿ ಗುರುಬಸವ್ವ ಮೈದಾನವನ್ನೆಲ್ಲ ಸುತ್ತಿ, ರೈತರು ಬಿಸಾಡಿದ ಹಾಳೆಗಳನ್ನು ಉಡಿ ತುಂಬ ಆರಿಸಿಕೊಂಡು ಏದುಸಿರು ಬಿಡುತ್ತ ಬಂದಳು.

"ಮಂದಿ ನನ್ನ ಜರಡಿ ತುಳದಾಡಾಕತ್ತಾರಲ್ಲೋ ತಮ್ಮಾ! ತಗೋ, ಒಂದೂ ಬಿಡದ ಒರಿಸಿ ತಂದೇನಿ. ಲಗಮಪ್ಪ ಇನ್ನೊಂದು ಚೀಲ ತರಾಕತ್ತಾನ."