ಶಾಂತಾಬಾಯಿಯ ಬೋಣಿ ನೋಟು

ನನ್ನದು ಚಿಲ್ಲರೆ ಬುದ್ಧಿ ಎಂದು ಯಾರಾದರೂ ಬೈದರೆ ನನಗೆ ಸಿಟ್ಟು ಬರುವುದಿಲ್ಲ, ಏಕೆಂದರೆ ಅದು ನಿಜ. ಅಂಗಡಿಯವರು ಕೊಟ್ಟ ಚಿಲ್ಲರೆಯನ್ನು ಎಲ್ಲರೂ ಎಣಿಸಿ ಜೇಬಿಗಿಳಿಸಿದರೆ, ನಾನು ಒಂದೊಂದೇ ನೋಟನ್ನು ತಿರುಗಿಸಿ ನೋಡುತ್ತ ನಿಲ್ಲುತ್ತೇನೆ. ಟ್ರ್ಯಾಕ್ಟರ್ ಚಿತ್ರದ ಹಳೆಯ ಐದು ರೂಪಾಯಿ ಸಿಕ್ಕರೆ ಅವತ್ತು ನನಗೆ ಹಬ್ಬ. ನನ್ನದೊಂದು ನಿಯಮವಿದೆ. ಹಳೆಯ ನೋಟು ಚಿಲ್ಲರೆಯಲ್ಲಿ ತಾನಾಗಿ ಕೈಗೆ ಬರಬೇಕು. ಅದರ ಮೇಲೆ ಬರೆದಿರುವುದಕ್ಕಿಂತ ಒಂದು ಪೈಸೆಯನ್ನೂ ಹೆಚ್ಚು ಕೊಡಬಾರದು. ಈಗಂತೂ ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಚಹಾ ಕುಡಿದು ನೋಟು ಚಾಚಿದರೆ, "ಸ್ಕ್ಯಾನ್ ಮಾಡ್ರಿ ಸರ್, ಚಿಲ್ಲರ್ ಇಲ್ಲ" ಅನ್ನುತ್ತಾರೆ. ನನ್ನಂಥವನು ಬದುಕುವುದು ಹೇಗೆ?

ಇಂಥ ಬರಗಾಲದಲ್ಲಿ ನನಗೆ ಕಮಲಾಪುರದ ಕಚೇರಿಗೆ ವರ್ಗವಾಯಿತು. ಕಲಬುರಗಿಯಿಂದ ದಿನಾ ಬಸ್ಸು. ಬಸ್ಸಿಳಿಯುವಲ್ಲಿಯೇ ಶಾಂತಾಬಾಯಿ ಎಂಬ ಮುದುಕಿ ಕೆಂಪು ಬಾಳೆಹಣ್ಣು ಮಾರಲು ಕೂರುತ್ತಿದ್ದಳು. ಒಂದು ಬೆಳಿಗ್ಗೆ ನಾನೇ ಮೊದಲ ಗಿರಾಕಿ. ಆಕೆ ಸೊಂಟದ ಸಂಚಿಯಿಂದ ಹಳೆಯ ನೋಟೊಂದನ್ನು ತೆಗೆದು, ನನ್ನ ನೋಟನ್ನು ಅದರ ಮೇಲಿಟ್ಟು, ಎರಡನ್ನೂ ಕಣ್ಣಿಗೊತ್ತಿಕೊಂಡಳು. ಹುಲಿ ಚಿತ್ರದ ಎರಡು ರೂಪಾಯಿ! ನನ್ನ ಹತ್ತಿರ ಇಲ್ಲದ್ದು. ಮುಖದಲ್ಲಿ ಆಸೆ ತೋರಿಸದೆ, "ಆಯಿ, ಆ ಹಳೇ ನೋಟು ಚಿಲ್ಲರದಾಗ ಕೊಡ್ರಿ, ನಡೀತದ" ಅಂದೆ.

"ಏ ಇಲ್ರಿ ಸಾಹೇಬ್ರ, ನಾ ಹಣ್ಣು ಮಾರಾಕ ಕುಂತ ಮೊದಲನೇ ದಿನದ ಬೋಣಿ ಇದು. ಹ್ಯಾಂಗ ಕೊಡ್ಲಿ?"

ಇವತ್ತಲ್ಲ ನಾಳೆ ಮನಸ್ಸು ಕರಗೀತು ಎಂದು ದಿನಕ್ಕೊಂದು ಡಜನ್ ಕೊಳ್ಳತೊಡಗಿದೆ. ಮನೆಯಲ್ಲಿ ಊಟಕ್ಕೆ ಕೂತರೆ ಬಾಳೆಹಣ್ಣಿನ ಶೀಕರಣೆ, ಎದ್ದರೆ ಶೀಕರಣೆ. ನನ್ನ ಕೈಚೀಲ ಕಂಡರೆ ನೆರೆಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. "ಆ ಎರಡು ರೂಪಾಯಿಗೆ ಇಲ್ಲೀತನಕ ಎಷ್ಟು ಸಾವಿರ ಹೋದ್ವು ಹೇಳ್ರೀ?" ಎಂದು ನನ್ನ ಹೆಂಡತಿ ಕೇಳಿದಳು. ನೋಟಿಗೆ ಒಂದು ಪೈಸೆಯೂ ಖರ್ಚಾಗಿಲ್ಲ, ಇದೆಲ್ಲ ಆರೋಗ್ಯಕ್ಕೆ ಎಂದೆ. ಅವಳು ಇನ್ನೊಂದು ಸೌಟು ಶೀಕರಣೆ ಬಡಿಸಿದಳು.

ವರ್ಷದ ಮೇಲೆ ಮತ್ತೆ ಕಲಬುರಗಿಗೇ ವರ್ಗವಾಯಿತು. ಕೊನೆಯ ದಿನ ಶಾಂತಾಬಾಯಿಗೆ ಹೇಳಿದೆ. ಆಕೆ ಸಂಚಿ ಬಿಚ್ಚಿ ಹುಲಿಯ ನೋಟನ್ನು ನನ್ನ ಹಣ್ಣಿನ ಮೇಲಿಟ್ಟಳು.

"ತಗೋರಿ. ಒಂದಿನಾನೂ ಹಣ್ಣಿನ ಕಡೆ ನೋಡ್ಲಿಲ್ಲ ನೀವು, ಸಂಚಿ ಕಡೀನ ನೋಡ್ತಿದ್ರಿ. ಅವತ್ತ ಕೊಟ್ಟಿದ್ರ ಮರುದಿನ ಬರ್ತಿದ್ರೇನು?"

ನನಗೆ ನಾಚಿಕೆಯಾಯಿತು, ಕಣ್ಣೂ ಒದ್ದೆಯಾಯಿತು. ಆದರೂ ನಿಯಮದಂತೆ ಎರಡು ರೂಪಾಯಿಯ ನಾಣ್ಯ ಕೊಟ್ಟೆ. ಆಕೆಯೂ ಸಂಕೋಚವಿಲ್ಲದೆ ತೆಗೆದುಕೊಂಡಳು.

ಮನೆಗೆ ತಂದ ಮೇಲೆ ಆ ನೋಟು ಯಾಕೋ ಚುಚ್ಚತೊಡಗಿತು. ಮುದುಕಿಯ ಮೊದಲ ದುಡಿಮೆಯನ್ನು ನಾನು ಆಲ್ಬಮ್ಮಿನಲ್ಲಿಟ್ಟುಕೊಳ್ಳುವುದೇ? ಭಾನುವಾರ ಮೊದಲ ಬಸ್ಸಿಗೇ ಕಮಲಾಪುರಕ್ಕೆ ಹೊರಟೆ, ನೋಟನ್ನು ತಿರುಗಿ ಕೊಟ್ಟುಬಿಡೋಣವೆಂದು. ಬಸ್ಸಿಳಿದಾಗ ಶಾಂತಾಬಾಯಿ ಮೊದಲ ಗಿರಾಕಿಯ ಹಣ ತೆಗೆದುಕೊಳ್ಳುತ್ತಿದ್ದಳು. ಸಂಚಿಯಿಂದ ಇನ್ನೊಂದು ಹಳೆಯ ನೋಟು ತೆಗೆದು, ಅವನ ನೋಟನ್ನು ಅದರ ಮೇಲಿಟ್ಟು, ಭಕ್ತಿಯಿಂದ ಕಣ್ಣಿಗೊತ್ತಿಕೊಂಡಳು.

ಹಿಂದಿನಿಂದ ಹೋಗಿ, "ಆಯಿ, ಅದ್ಯಾವ ನೋಟು?" ಎಂದೆ.

"ನಾ ಹಣ್ಣು ಮಾರಾಕ ಕುಂತ ಮೊದಲನೇ ದಿನದ ಬೋಣಿರಿ" ಅನ್ನುತ್ತ ತಿರುಗಿದವಳು, ನನ್ನನ್ನು ಕಂಡು ಬಾಯಿಗೆ ಸೆರಗು ಹಚ್ಚಿ ನಕ್ಕಳು. "ಬರ್ರಿ ಸಾಹೇಬ್ರ. ಒಂದು ಡಜನ್ ಕಟ್ಲೇನು?"

ಜೇಬಿನಲ್ಲಿದ್ದ ಹುಲಿಯನ್ನು ಇನ್ನಷ್ಟು ಕೆಳಗೆ ದೂಡಿದೆ. ಬಗ್ಗಿ ಆಕೆಯ ಕೈಯಲ್ಲಿದ್ದ ನೋಟನ್ನು ನೋಡಿದೆ. ಹಳೆಯ ಒಂದು ರೂಪಾಯಿ. ನನ್ನ ಹತ್ತಿರ ಅದಿಲ್ಲ.

"ಎರಡು ಡಜನ್ ಕಟ್ರಿ" ಎಂದೆ.