ಬಿಸಿಯಾಗದ ಕಾರು

ನನಗೆ ಅನುಮಾನದ ಸ್ವಭಾವವಿದೆ ಎಂದು ನನ್ನ ಹೆಂಡತಿ ಸುಮಂಗಲಾ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಾಳೆ ಎಂಬ ಅನುಮಾನ ನನಗಿದೆ. ಹೇಳಿದರೂ ತಪ್ಪೇನಿಲ್ಲ. ಸಿದ್ದಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ನಿಂತವನು ನಾನು. ಯಾರಾದರೂ ಕೆಮ್ಮಿದರೆ ಅದು ಬರೀ ಕೆಮ್ಮೋ, ಹಿಂದಿನ ಬೆಂಚಿಗೆ ಉತ್ತರ ಕಳಿಸುವ ಸಂಕೇತವೋ ಎಂದು ಯೋಚಿಸುವುದೇ ನನ್ನ ಕೆಲಸ. ಆ ಅಭ್ಯಾಸ ಶಾಲೆಯ ಗೇಟಿನ ಹತ್ತಿರ ನಿಂತು ನನ್ನನ್ನು ಬೀಳ್ಕೊಡುವುದಿಲ್ಲ, ಜೊತೆಗೇ ಮನೆಗೆ ಬರುತ್ತದೆ. ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ "ಏನೂ ಇಲ್ಲ, ಆರಾಮಿದ್ದೀರಿ" ಎಂದರೆ, ಇವರು ಏನನ್ನು ಮುಚ್ಚಿಡುತ್ತಿದ್ದಾರೆ ಎಂದೇ ನನಗೆ ಮೊದಲು ಅನಿಸುವುದು.

ಇಂಥವನ ಕೈಗೆ ಹಳೇ ಕಾರೊಂದು ಬಂದರೆ ಏನಾಗಬೇಕೋ ಅದೇ ಆಯಿತು. ಇಸಳೂರಿನ ನಮ್ಮ ಮನೆಯಿಂದ ಸಿದ್ದಾಪುರಕ್ಕೆ ನಾನು ದಿನಾ ಅದರಲ್ಲೇ ಹೋಗಿ ಬರುವುದು. ಮೊನ್ನೆ ಮಾಗಿಯ ಒಂದು ಬೆಳಿಗ್ಗೆ ಕೋಲಸಿರ್ಸಿ ಹತ್ತಿರ ಬರುವಾಗ ಮಂಜು ಎಷ್ಟಿತ್ತೆಂದರೆ ಮುಂದಿನ ಗಾಜೆಲ್ಲ ಬೆಳ್ಳಗಾಯಿತು. ಬಿಸಿಗಾಳಿ ಬಿಟ್ಟರೆ ಗಾಜು ತಿಳಿಯಾಗುತ್ತದೆಂದು, ಎಂದೂ ಮುಟ್ಟದ ಹೀಟರ್ ಹಾಕಿದೆ. ಬಂದದ್ದು ತಣ್ಣನೆ ಗಾಳಿ! ಮನೆಯಿಂದ ಹೊರಟು ಮುಕ್ಕಾಲು ಗಂಟೆಯಾಗಿದೆ, ಎಂಜಿನ್ನು ಇನ್ನೂ ಹಾಸಿಗೆಯಿಂದ ಎದ್ದಿಲ್ಲ. ಆಗ ಬಿಸಿ ತೋರಿಸುವ ಮುಳ್ಳಿನ ಕಡೆ ನೋಡಿದೆ. ಅದು ಎಲ್ಲಕ್ಕಿಂತ ಕೆಳಗೆ, ಕೈಕಾಲು ಚಾಚಿ ಮಲಗಿತ್ತು.

ಗಾಡಿ ಬಿಸಿಯಾಯಿತೆಂದು ಗೋಳಾಡುವವರನ್ನು ನೀವು ನೋಡಿರುತ್ತೀರಿ. ರಸ್ತೆ ಬದಿಯಲ್ಲಿ ಬಾನೆಟ್ಟು ಎತ್ತಿ, ಬಾಟಲಿಯಲ್ಲಿ ನೀರು ಹಿಡಿದು ನಿಂತವರ ಮೇಲೆ ಎಲ್ಲರಿಗೂ ಕನಿಕರ. ಆದರೆ ಗಾಡಿ ಬಿಸಿಯಾಗುತ್ತಿಲ್ಲ ಎಂದರೆ ಯಾರೂ ಅಯ್ಯೋ ಅನ್ನುವುದಿಲ್ಲ. ಸಿದ್ದಾಪುರದ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದೆ. ಅವನು ನಕ್ಕು, "ತಣ್ಣಗಿದ್ರೆ ಒಳ್ಳೇದೇ ಅಲ್ವಾ ಸರ್? ಮುಳ್ಳೇ ಕೆಟ್ಟಿರ್ಬೇಕು" ಎಂದ. ಮುಳ್ಳು ಸುಳ್ಳು ಹೇಳುತ್ತಿದೆಯೋ, ಇವನು ಹೇಳುತ್ತಿದ್ದಾನೋ? ಮನೆಗೆ ಬಂದವನೇ ಬಾನೆಟ್ಟಿನ ಮೇಲೆ ಒಂದು ಅಂಗೈ, ನನ್ನ ಹಣೆಯ ಮೇಲೆ ಇನ್ನೊಂದು ಅಂಗೈ ಇಟ್ಟು ತಾಳೆ ನೋಡಿದೆ. ಹಣೆಯೇ ಹೆಚ್ಚು ಬಿಸಿಯಿತ್ತು. ಬಾಗಿಲಲ್ಲಿ ನಿಂತಿದ್ದ ಸುಮಂಗಲಾ, "ಯಾರಿಗೆ ಜ್ವರ ಬಂಜು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಇದರ ಜೊತೆಗೆ ಇನ್ನೊಂದು ಸಂಗತಿ ಬಹಳ ದಿನದಿಂದ ನನ್ನನ್ನು ಕೊರೆಯುತ್ತಿತ್ತು. ಪೆಟ್ರೋಲು ಬೇಗ ಮುಗಿಯುತ್ತಿತ್ತು. ಸುಮಂಗಲೆಯ ತಮ್ಮ ಶ್ರೀಪಾದ ಹುಲೇಕಲ್ಲಿನವನು. ಸೊಸೈಟಿ ಕೆಲಸಕ್ಕೆಂದು ಪೇಟೆಗೆ ಬಂದಾಗ ನಮ್ಮಲ್ಲಿ ನಾಲ್ಕು ದಿನ ಉಳಿಯುವುದು, "ಭಾವ, ಗಾಡಿ ಒಂಚೂರು ಬೇಕಾಗಿತ್ತು" ಎನ್ನುವುದು ವಾಡಿಕೆ. ಕೇಳಿ ಒಯ್ಯುವವನು ಕೇಳದೆಯೂ ಒಯ್ಯಬಹುದಲ್ಲ? ಅವನು ಬಂದಿದ್ದ ವಾರ ನಾನು ನಾಲ್ಕು ದಿನ ಬೇಕೆಂದೇ ಬಸ್ಸಿನಲ್ಲಿ ಶಾಲೆಗೆ ಹೋದೆ. ಹೋಗುವ ಮೊದಲು ಕಾರಿನ ಹಿಂದಿನ ಚಕ್ರದ ಮೇಲೆ, ಮಡ್‌ಗಾರ್ಡಿನ ಮರೆಯಲ್ಲಿ, ಒಂದು ಗೋಟಡಿಕೆ ಇಟ್ಟೆ. ಚಕ್ರ ಒಂದು ಗೇಣು ತಿರುಗಿದರೂ ಅಡಿಕೆ ಬೀಳಬೇಕು. ಇಂಥ ಉಪಾಯ ಪೊಲೀಸರಿಗೂ ಹೊಳೆಯುವುದಿಲ್ಲ ಎಂದು ಬಸ್ಸಿನಲ್ಲಿ ನಿಂತುಕೊಂಡೇ ಹಿಗ್ಗಿದೆ.

ಮೂರನೆಯ ದಿನ ಸಂಜೆ ಬಂದು ಬಗ್ಗಿ ನೋಡಿದರೆ ಅಡಿಕೆ ಇದ್ದಲ್ಲೇ ಇತ್ತು. ಅದಕ್ಕೆ ಕುಂಕುಮ ಹಚ್ಚಿತ್ತು. ಪಕ್ಕದಲ್ಲಿ ಒಂದು ದಾಸವಾಳ.

"ಎಂತಕ್ಕೆ ಅಡಿಕೆ ಇಟ್ಟಿದ್ರಿ ಹೇಳಿ ಗೊತ್ತಾಜಿಲ್ಲೆ," ಎಂದಳು ಸುಮಂಗಲಾ. "ಹರಕೆಯಾಗಿಕ್ಕು ಹೇಳಿ ಹೂ ಇಟ್ಟಿ."

ನಾನು ಹರಕೆಯೇ ಎಂದು ಒಪ್ಪಿಕೊಂಡೆ. ಬೇರೆ ದಾರಿ ಇರಲಿಲ್ಲ, ಶ್ರೀಪಾದ ಎದುರಿಗೇ ಕುಳಿತು ಚಹಾ ಕುಡಿಯುತ್ತಿದ್ದ. ಕಾರು ಕದಲಿರಲಿಲ್ಲ, ಪೆಟ್ರೋಲೂ ಇಳಿದಿರಲಿಲ್ಲ. ಮತ್ತೆ ನಾನೇ ಎರಡು ದಿನ ಸಿದ್ದಾಪುರಕ್ಕೆ ಓಡಿಸಿದ್ದೇ ತಡ, ಸರ್ರನೆ ಇಳಿಯಿತು. ಅಂದರೆ ಕುಡಿಯುತ್ತಿದ್ದದ್ದು ಕಾರೇ. ಶ್ರೀಪಾದ ನಿರಪರಾಧಿ ಎಂದು ಗೊತ್ತಾದಾಗ ನನಗೆ ಸಮಾಧಾನವಾಗಬೇಕಿತ್ತು. ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರೇ ಆಯಿತು.

ಶಿರಸಿಯ ಸದಾನಂದ ಮೊದಲಿನಿಂದಲೂ ನನ್ನ ಗಾಡಿ ನೋಡುವವನು. ನ್ಯಾಯವಾಗಿ ಅವನ ಗ್ಯಾರೇಜಿಗೆ ಹೋಗಬೇಕಿತ್ತು. ಹೋಗಲಿಲ್ಲ. ಒಂದೇ ಕಾರಿನ ಹೊಟ್ಟೆಯೊಳಗೆ ಇಷ್ಟು ವರ್ಷ ಕೈಯಾಡಿಸಿದವನಿಗೆ ಏನೇನು ಗೊತ್ತಿರುತ್ತದೋ, ಏನೇನು ಮಾಡಿಟ್ಟಿದ್ದಾನೋ! ಅಷ್ಟರಲ್ಲಿ ಯಲ್ಲಾಪುರದಲ್ಲೊಂದು ಉಪನಯನ ಬಂತು. ಸುಮಂಗಲೆಗೆ ಕೆಮ್ಮು, ಬರುವುದಿಲ್ಲ ಎಂದಳು. ನಾನೂ ಶ್ರೀಪಾದನೂ ಹೋದೆವು. ಅಲ್ಲಿ ಯಾರೋ ಹಸನ್ ಸಾಬರ ಹೆಸರು ಹೇಳಿದರು. ಎಪ್ಪತ್ತು ದಾಟಿದ ಹಳೇ ಮೆಕ್ಯಾನಿಕ್, ಮಾತು ಕಡಿಮೆ. ನನ್ನ ಕಥೆಯನ್ನೆಲ್ಲ ಕೇಳಿ, "ಗಾಡಿ ಇಲ್ಲೇ ಬಿಟ್ಟು ಹೋಗ್ರಿ. ನಾಳೆ ಮುಂಜಾನೆ ಎಂಜಿನ್ನು ಪೂರಾ ತಣ್ಣಗಿದ್ದಾಗ ನೋಡೋಣ" ಎಂದರು. ಊರಲ್ಲದ ಊರಿನಲ್ಲಿ ಗಾಡಿ ಬಿಟ್ಟು ಹೋಗುವುದೇ? ಶ್ರೀಪಾದ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದ.

ಮರುದಿನ ಬೆಳಿಗ್ಗೆ ಹಸನ್ ಸಾಬರು ಎಂಜಿನ್ನು ಶುರು ಮಾಡಿಸಿ, ರೇಡಿಯೇಟರಿಗೆ ಹೋಗುವ ದಪ್ಪ ರಬ್ಬರು ಪೈಪಿನ ಮೇಲೆ ನನ್ನ ಕೈಯನ್ನೇ ಇಟ್ಟರು.

"ಏನನಿಸ್ತದೆ ಹೇಳ್ರಿ."

"ಸ್ವಲ್ಪ ಸ್ವಲ್ಪವೇ ಬೆಚ್ಚಗಾಗ್ತಾ ಇದೆ."

"ಹಂಗಾಗ್ಬಾರ್ದು. ಎಂಜಿನ್ನು ಕಾಯೋ ತನಕ ಈ ಪೈಪು ತಣ್ಣಗೇ ಇರ್ಬೇಕು. ಒಳಗೊಂದು ಥರ್ಮೋಸ್ಟಾಟ್ ಅಂತ ಇರ್ತದೆ. ಬಾಗಿಲಿದ್ದಂಗೆ. ನೀರು ಕಾದ ಮೇಲೇ ತೆಗೀತದೆ, ಆಮೇಲೆ ಪೈಪು ಒಮ್ಮೆಗೇ ಬಿಸಿ ಆಗ್ತದೆ. ಬಾಗಿಲು ಯಾವಾಗ್ಲೂ ತೆಗೆದೇ ಇದ್ರೆ ಎಂಜಿನ್ನು ಕಾಯೋದು ಎಲ್ಲಿಂದ? ಕಾಯ್ಲಿಲ್ಲ ಅಂತ ಅದು ಪೆಟ್ರೋಲು ಹೆಚ್ಚು ಕುಡೀತದೆ."

ಎಂಜಿನ್ನು ಆರಿಸಿ, ನಾಲ್ಕು ಬೋಲ್ಟು ಬಿಚ್ಚಿ, ಮುಚ್ಚಳ ತೆಗೆದು ತೋರಿಸಿದರು. ಒಳಗೆ ಖಾಲಿ. ಬಾಗಿಲು ಕೆಟ್ಟಿರಲಿಲ್ಲ, ಬಾಗಿಲೇ ಇರಲಿಲ್ಲ.

"ಯಾರೋ ತೆಗೆದಾರೆ," ಎಂದರು ಹಸನ್ ಸಾಬರು.

ನನಗಾದ ಆನಂದವನ್ನು ಹೇಗೆ ಹೇಳಲಿ! ಹುಟ್ಟಿದಾಗಿನಿಂದ ಅನುಮಾನಪಟ್ಟವನು ನಾನು, ಒಂದು ಸಲವೂ ಅದು ನಿಜವಾದದ್ದಿಲ್ಲ. ಇವತ್ತು ಕಣ್ಣೆದುರಿಗೇ ಸಾಕ್ಷಿ ಸಿಕ್ಕಿತ್ತು. ಕದ್ದವನು ಸದಾನಂದನಲ್ಲದೆ ಇನ್ನಾರು? ಯಲ್ಲಾಪುರದಿಂದ ಶಿರಸಿಯವರೆಗೂ ಅವನಿಗೆ ಹೇಳಬೇಕಾದ ಮಾತುಗಳನ್ನು ಜೋರಾಗಿಯೇ ಅಭ್ಯಾಸ ಮಾಡಿದೆ. ಶ್ರೀಪಾದ ಮಧ್ಯೆ ಎರಡು ಸಲ "ಭಾವ, ಒಂದ್ ಮಾತು" ಎಂದ. ನಾನು ಬಾಯಿ ಮುಚ್ಚಿಸಿದೆ. ಸಾಕ್ಷಿ ಹೇಳುವುದಕ್ಕೆ ಬಂದವನು ಕೇಳಿದಾಗ ಮಾತ್ರ ಮಾತಾಡಬೇಕು.

ಗ್ಯಾರೇಜಿನಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಇರಲಿ, ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ದೊಡ್ಡ ದನಿಯಲ್ಲೇ ಕೇಳಿದೆ. "ಸದಾನಂದ, ನನ್ನ ಎಂಜಿನ್ನಿನ ಥರ್ಮೋಸ್ಟಾಟ್ ಯಾರು ತೆಗೆದದ್ದು?"

"ನಾನೇ," ಎಂದ ಅವನು, ಕೈ ಒರೆಸಿಕೊಳ್ಳುತ್ತ.

ಇಷ್ಟು ಬೇಗ ಒಪ್ಪಿಕೊಳ್ಳುತ್ತಾನೆಂಬುದಕ್ಕೆ ನಾನು ತಯಾರಾಗಿರಲಿಲ್ಲ. ಮುಂದಿನ ಮಾತು ಮರೆತೇಹೋಯಿತು.

"ಎರಡು ವರ್ಷದ ಹಿಂದೆ ದೇವಿಮನೆ ಘಾಟಿಯಲ್ಲಿ ಗಾಡಿ ಕುದ್ದು ಹೊಗೆ ಬಂತಲ್ಲ ಸರ್? ಎಳೆಸಿಕೊಂಡು ಬಂದು ಇಲ್ಲೇ ನಿಲ್ಲಿಸಿದ್ರಿ. ಥರ್ಮೋಸ್ಟಾಟ್ ಮುಚ್ಚಿದಲ್ಲೇ ಸಿಕ್ಕಿಕೊಂಡಿದೆ, ಹೊಸದು ಹಾಕ್ಬೇಕು, ಹುಬ್ಬಳ್ಳಿಯಿಂದ ತರಿಸ್ತೆ ಅಂದೆ. ನೀವೇನಂದ್ರಿ? 'ಹೊಸ ಸಾಮಾನು ಮಾರೋದಕ್ಕೆ ನೋಡ್ತೀಯಾ? ಅದನ್ನು ಕಿತ್ತು ಬಿಸಾಕು, ಇನ್ನು ಜನ್ಮದಲ್ಲಿ ಈ ಗಾಡಿ ಬಿಸಿಯಾಗಬಾರದು' ಅಂದ್ರಿ. ಹಂಗೆ ಓಡಿಸಿದ್ರೆ ಎಂಜಿನ್ನಿಗೆ ಒಳ್ಳೇದಲ್ಲ ಅಂತ ಎರಡು ಸಲ ಹೇಳ್ದೆ. ಬೇಕಾದ್ರೆ ಶ್ರೀಪಾದಣ್ಣನ್ನೇ ಕೇಳಿ, ಇಲ್ಲೇ ನಿಂತಿದ್ರು."

ನಾನು ಶ್ರೀಪಾದನ ಕಡೆ ತಿರುಗಿದೆ.

"ಹೌದು ಭಾವ," ಎಂದ ಅವನು, ಬಹಳ ಸಂಕಟದಿಂದ. "ಅದನ್ನೇ ಹೇಳವು ಹೇಳಿ ದಾರಿಯಲ್ಲಿ ಎರಡು ಸಲ ಬಾಯಿ ತೆಗ್ದಿ."

ನಾಲ್ವರು ಗಿರಾಕಿಗಳೂ ಒಮ್ಮೆಗೇ ಗೋಡೆಯ ಕ್ಯಾಲೆಂಡರಿನಲ್ಲಿ ಏನನ್ನೋ ಹುಡುಕತೊಡಗಿದರು. ನನಗೆ ಘಾಟಿಯ ಆ ಮಧ್ಯಾಹ್ನ ಪೂರ್ತಿ ನೆನಪಾಯಿತು. ನನ್ನದೇ ದನಿಯೂ ಕೇಳಿಸಿತು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದರೆ, "ನೀರು ಕೊಡ್ತೀಯಾ?" ಎಂದಷ್ಟೇ ಹೊರಬಂತು. ಸದಾನಂದ ನೀರು ಕೊಟ್ಟ. ಕುಡಿದ ಮೇಲೆ, "ತಪ್ಪಾಯ್ತು ಮಾರಾಯ" ಎಂದೆ. ಹುಡುಕಿ ನೋಡಿದರೆ ಆ ಮಾತನ್ನು ನಾನು ಯಾರಿಗಾದರೂ ಹೇಳಿ ಬಹಳ ವರ್ಷಗಳಾಗಿದ್ದವು.

ಮೂರು ದಿನ ಬಿಟ್ಟು ಹುಬ್ಬಳ್ಳಿ ಬಸ್ಸಿನಲ್ಲಿ ಸಾಮಾನು ಬಂತು. ನಾನೂ ಶ್ರೀಪಾದನೂ ಮತ್ತೆ ಗ್ಯಾರೇಜಿಗೆ ಹೋದೆವು. ಮುಷ್ಟಿಯೊಳಗೆ ಹಿಡಿಯುವಷ್ಟು ಪುಟ್ಟ ವಸ್ತು. ಸದಾನಂದ ಕೂರಿಸಿದ. ಗಾಡಿ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಮುಳ್ಳು ಮೆಲ್ಲಗೆ ಎದ್ದು ನಡುಮಧ್ಯೆ ಕುಳಿತಿತು, ಹೀಟರಿನಿಂದ ಸ್ನಾನದ ಮನೆಯ ಹಬೆಯಂಥ ಗಾಳಿ ಬಂತು. ಸಂತೋಷದಿಂದ ಹೊರಡಲು ಕೀಲಿ ಕೈ ಕೇಳಿದೆ. ಸದಾನಂದ ಕೊಡಲಿಲ್ಲ. ಒಳಗೆ ಹೋಗಿ ಒಂದು ನೋಟ್‌ಬುಕ್ಕು, ಪೆನ್ನು ತಂದು ನನ್ನ ಮುಂದೆ ಇಟ್ಟ.

"ಹೊಸದು ಹಾಕಿಸಿದ್ದು ನೀವೇ ಅಂತ ಒಂದು ಸಾಲು ಬರೆದುಕೊಡಿ ಸರ್. ನಾಳೆ ನೀವು ಇಲ್ಲ ಅಂದ್ರೆ?"

ಇಪ್ಪತ್ತು ವರ್ಷ ಮಕ್ಕಳ ಸಹಿಯನ್ನು ಹಾಲ್ ಟಿಕೆಟ್ಟಿನ ಜೊತೆ ತಾಳೆ ನೋಡಿದವನು ನಾನು. ತಲೆ ತಗ್ಗಿಸಿ, ಚೊಕ್ಕ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಸದಾನಂದ ಅದನ್ನು ಎರಡು ಸಲ ಓದಿದ. ನನ್ನ ಮುಖವನ್ನು ಒಂದು ಸಲ ನೋಡಿದ. ಆಮೇಲೆ ನೋಟ್‌ಬುಕ್ಕನ್ನು ಆಚೆ ಸರಿಸಿ, "ಶ್ರೀಪಾದಣ್ಣ, ಸಾಕ್ಷಿ ಅಂತ ಕೆಳಗೆ ನೀವೂ ಒಂದು ಸಹಿ ಹಾಕಿಬಿಡಿ" ಎಂದ.